ಹ್ಯಾಟ್ ತೆಗೆದ ಮೇಲೆ

ಕೊಪ್ಪ
ಸೋಮವಾರ, 16 ಜೂನ್ 2025

ಅಮ್ಮನಿಗೆ,

ಪ್ರೀತಿಯ ಅಮ್ಮ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ. ಫೋನ್ ಮಾಡಿದರೆ ಎನ್.ಆರ್. ಪುರದಲ್ಲಿ ಮೀಟಿಂಗ್ ಇದೆ ಎಂದು ಕಟ್ ಮಾಡುತ್ತೀಯ. ಕಾಗದವನ್ನು ಕಟ್ ಮಾಡಲಾರೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರದ್ದು ಇನ್ನೂ ತಲೆಯಿಂದ ಹೋಗಿಲ್ಲ. ಪ್ರತಿ ಬ್ಯಾಚಿನ ಕೊನೆಗೆ ನಮ್ಮ ಕಾರ್ಮಿಕ ಸಂಘದ ಕಾಲೇಜಿನಲ್ಲಿ ಸಂಧಾನದ ಆಟ ಆಡಿಸುತ್ತೇವೆ. ಕಲಿಯಲು ಬಂದ ತೋಟದ ಆಳುಗಳು ಒಂದು ಕಡೆ, ಸಂಘದ ಅಧ್ಯಕ್ಷೆಯಾದ ನೀನು ಆ ಹಳೇ ಹ್ಯಾಟ್ ಹಾಕಿಕೊಂಡು ಧಣಿಯಾಗಿ ಇನ್ನೊಂದು ಕಡೆ. ನಿನ್ನಷ್ಟು ಚೆನ್ನಾಗಿ ಆ ಪಾರ್ಟು ಯಾರೂ ಮಾಡುವುದಿಲ್ಲ ಎಂದು ಎಷ್ಟು ಸಲ ನಕ್ಕಿದ್ದೇನೋ. ಈ ಸಲ ಆಳುಗಳ ಕಡೆಯಿಂದ ಸೀತೂರಿನ ಯಶವಂತ ಎದ್ದು, ಹೆರಿಗೆಗೆ ಹೋಗಿ ಬಂದವಳನ್ನು ಯಾಕೆ ಕೆಲಸಕ್ಕೆ ಸೇರಿಸಿಕೊಂಡಿಲ್ಲ ಎಂದು ಕೇಳಿದ. ಜಾಗ ಕಾಯ್ದುಕೊಂಡು ಕೂರಲು ಇದೇನು ಧರ್ಮಛತ್ರವಾ ಅಂದೆ ನೀನು. ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ಆಗ ಅವನು, ಇದು ತೋಟದ ವಿಷಯವಲ್ಲ, ನಮ್ಮ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದ ಕಾವ್ಯಳ ವಿಷಯ ಅಂದ. ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು.

ನೀನು ಹ್ಯಾಟ್ ತೆಗೆದು ಮೇಜಿನ ಮೇಲಿಟ್ಟೆ. ಇನ್ನು ನಮ್ಮಮ್ಮ ಮಾತಾಡುತ್ತಾಳೆ ಅಂದುಕೊಂಡೆ. ಆದರೆ ನೀನು, ಅವಳು ಟೆಂಪರರಿ, ಅವಳಿಗೆ ಹೆರಿಗೆ ರಜೆಯ ಕಾನೂನು ಅನ್ವಯಿಸುವುದಿಲ್ಲ, ಬೇರೆಯವಳನ್ನು ಇಟ್ಟುಕೊಂಡಾಗಿದೆ ಅಂದೆ. ಟೆಂಪರರಿಗೂ ಅನ್ವಯಿಸುತ್ತದೆ ಎಂದು ನನಗೆ ಕಲಿಸಿದವಳೇ ನೀನು. ಕಾವ್ಯ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ನನ್ನನ್ನು ಹೆತ್ತು ಬಸರೀಕಟ್ಟೆಯ ತೋಟಕ್ಕೆ ವಾಪಸ್ ಹೋದಾಗ ಮೇಸ್ತ್ರಿ ಮಾರಪ್ಪ ನಿನಗೆ ಹೇಳಿದ್ದೂ ಇದನ್ನೇ ಅಲ್ಲವಾ? ಆ ಸಿಟ್ಟಿಗೇ ಸಂಘ ಕಟ್ಟಿದೆ, ಆಮೇಲೆ ಕಾಲೇಜು ಕಟ್ಟಿದೆ ಎಂದು ಪ್ರತಿ ಬ್ಯಾಚಿಗೂ ಹೇಳುತ್ತೀಯ. ಹೇಳುವುದು ಶಾಸ್ತ್ರ, ಹಾಕುವುದು ಗಾಳ. ಹೆರಿಗೆ ರಜೆಯ ಪಾಠ ಮಾಡುವವಳು ನಾನು. ನಿನ್ನ ಮಗಳು ಅನ್ನಿಸಿಕೊಳ್ಳಲು ನನಗೆ ನಾಚಿಕೆಯಾಯಿತು ಅಮ್ಮ.

ಕಾವ್ಯಳಿಗೆ ಕೆಲಸ ವಾಪಸ್ ಸಿಗುವವರೆಗೆ ನಾನು ಕ್ಲಾಸಿಗೆ ಹೋಗುವುದಿಲ್ಲ. ನಾಳೆಯಿಂದ ಅವಳು ಕಾಲೇಜಿನ ಗೇಟಿನ ಹತ್ತಿರ ಧರಣಿ ಕೂರುತ್ತಾಳೆ, ನಾನೂ ಅವಳ ಪಕ್ಕ ಕೂರುತ್ತೇನೆ. ಮಗಳೆಂದು ರಿಯಾಯಿತಿ ತೋರಿಸಬೇಡ, ನನ್ನನ್ನೂ ತೆಗೆಯುವುದಾದರೆ ತೆಗಿ.

ಬಿ.ಪಿ. ಮಾತ್ರೆ ತಪ್ಪಿಸಬೇಡ. ಸಿಟ್ಟು ಬೇರೆ, ಅದು ಬೇರೆ.

ನಿನ್ನಿಂದಲೇ ಜಗಳ ಕಲಿತವಳು,
ನಯನ

ತಾ.ಕ.: ನನಗೀಗ ಮೂರು ತಿಂಗಳು. ನಿನ್ನ ಅಳಿಯನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಶನಿವಾರ ಆಟ ಮುಗಿದ ಮೇಲೆ ನಿನಗೆ ಹೇಳಬೇಕೆಂದೇ ಸಿಹಿ ತಂದಿಟ್ಟುಕೊಂಡಿದ್ದೆ. ಅಮ್ಮನಿಗೆ ಹೇಳುತ್ತಿದ್ದೇನೋ ಧಣಿಗೆ ಹೇಳುತ್ತಿದ್ದೇನೋ ಗೊತ್ತಾಗದೆ ಸಿಹಿಯನ್ನು ಹಾಗೇ ಮನೆಗೆ ವಾಪಸ್ ತಂದೆ. ನೀನೇ ಸಹಿ ಹಾಕಿದ ನನ್ನ ಕೆಲಸದ ಆರ್ಡರಿನಲ್ಲೂ ಟೆಂಪರರಿ ಎಂದೇ ಇದೆ.