ಡಾಕ್ಟರಿಗೆ ಬೇಕಿರುವುದು ನನ್ನ ಏಳನೇ ವಯಸ್ಸು

ಮನೆಯಿಂದ,
ಭಾನುವಾರ ಮಧ್ಯಾಹ್ನ, ಮಾರ್ಚ್ ೯

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಚಿಕ್ಕಮ್ಮನ ಹೊಲಿಗೆ ಬಿಚ್ಚಿದರಂತೆ, ಇವರು ಹೇಳಿದರು. ಅವಳನ್ನು ಎಬ್ಬಿಸಿ ನಡೆಸುವ ಭರದಲ್ಲಿ ನಿನ್ನ ಮಾತ್ರೆ ತಪ್ಪಿಸಬೇಡ. ಆಪರೇಷನ್ ಆದವಳು ಓಡಾಡುತ್ತಿದ್ದಾಳೆ, ಆರೈಕೆಗೆ ಹೋದವಳು ಹಾಸಿಗೆ ಹಿಡಿದಳು ಅಂತಾಗುವುದು ಬೇಡ. ಇಲ್ಲಿ ನಿನ್ನ ಮೊಮ್ಮಗಳು ಪುಟ್ಟಿಗೆ ಮುಂದಿನ ಹಲ್ಲು ಬಿದ್ದಿದೆ. ಆಡುವ ಮಾತಿನಲ್ಲಿ ಅರ್ಧ ಬರೀ ಗಾಳಿ.

ಮಂಗಳವಾರ ನಾನು ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ ತೊಂದರೆ, ಅನ್ನುವಷ್ಟರಲ್ಲೇ ನೀನು, "ಸೋಮಾರಿತನಕ್ಕೂ ಡಾಕ್ಟರಾ?" ಅಂದು ಫೋನ್ ಇಟ್ಟುಬಿಟ್ಟೆ. ಆಮೇಲೆ ಮಾಡಿದರೆ ಎತ್ತಲೇ ಇಲ್ಲ. ಅದಕ್ಕೇ ಈ ಪತ್ರ. ಇದನ್ನು ಕಟ್ ಮಾಡಲು ಬರುವುದಿಲ್ಲ, ಹರಿಯಬಹುದು ಅಷ್ಟೇ. ಹರಿಯುವ ಮುಂಚೆ ಒಂದು ಸಲ ಓದು.

ನಿನಗೆ ಗಾಬರಿಯಾದೀತು ಅಂತ ಹೇಳದೆ ಉಳಿಸಿದ್ದ ಸಂಗತಿಯಿಂದಲೇ ಶುರು ಮಾಡುತ್ತೇನೆ. ಚಳಿಗಾಲದ ನಾಟಕದ ತಾಲೀಮು ನಡೆದಿತ್ತು. ನಾನು ಏಣಿ ಹತ್ತಿ ರಂಗದ ಮೇಲಿನ ಕಂಬಿಗೆ ದೀಪ ಬಿಗಿಯುತ್ತಿದ್ದೆ. ಪ್ರತಿ ದೀಪಕ್ಕೂ ಒಂದು ಕೊಂಡಿ, ಅದು ಸಡಿಲವಾದರೂ ದೀಪ ಬೀಳದ ಹಾಗೆ ಒಂದು ಸರಪಳಿ. ಕೊನೆಯದನ್ನು ಬಿಗಿಯುವಾಗ ಕೆಳಗಿನಿಂದ ಯಾರೋ ದೀಪಕ್ಕೆ ಹಾಕುವ ಬಣ್ಣದ ಹಾಳೆ ಕೇಳಿದರು. ಇಳಿದು ಕೊಟ್ಟೆ, ಅಲ್ಲೇ ಇನ್ನೊಂದು ಕೆಲಸ ಕಣ್ಣಿಗೆ ಬಿತ್ತು, ಮೇಲಿನದು ತಲೆಯಿಂದ ಅಳಿಸಿಹೋಯಿತು. ಸಂಜೆ ತಾಲೀಮಿನ ನಡುವೆ ಆ ದೀಪ ಕಳಚಿ ನಾಯಕಿಯ ಕುರ್ಚಿಯ ಮೇಲೇ ಬಿತ್ತು. ಆಕೆ ಆಗಷ್ಟೇ ನೀರು ಕುಡಿಯಲು ಎದ್ದಿದ್ದರು. ಗಾಜಿನ ಚೂರು ಪರದೆಯವರೆಗೂ ಹಾರಿತ್ತು. ಎಲ್ಲರೂ ತಲೆ ಎತ್ತಿ ಮೇಲೆ ನೋಡಿದರು, ಆಮೇಲೆ ನನ್ನನ್ನು.

ಮ್ಯಾನೇಜರ್ ಕೋಣೆಗೆ ಕರೆದು ಬಾಗಿಲು ಹಾಕಿದರು. ಕೆಲಸ ಹೋಯಿತು ಅಂದುಕೊಂಡೆ. ಅವರು ಅಂದದ್ದು ಇಷ್ಟು: "ಪ್ರದರ್ಶನ ನಡೀವಾಗ ನೀನು ಒಂದು ಬೆಳಕನ್ನೂ ತಪ್ಪಿಸಿದವಳಲ್ಲ. ಹಾಗಾದ್ರೆ ಇದು ಯಾಕೆ ಹೀಗೆ? ತಿಳ್ಕೊಂಡು ಬಾ. ಅಲ್ಲೀವರೆಗೆ ಏಣಿ ಮುಟ್ಟಬೇಡ." ಅಂದಿನಿಂದ ನಾನು ಮೂಲೆಯಲ್ಲಿ ಕೂತು ವೈರು ಸುತ್ತುತ್ತಿದ್ದೇನೆ. ನನ್ನ ಏಣಿಯ ಮೇಲೆ ಬೇರೆ ಯಾರದೋ ಚಪ್ಪಲಿ ಕಾಣಿಸಿದರೆ ಸುತ್ತಿದ ವೈರನ್ನೇ ಬಿಚ್ಚಿ ಮತ್ತೆ ಸುತ್ತುತ್ತೇನೆ.

ಮೊದಲು ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋದೆ. ಅವರು ರಕ್ತ ತೆಗೆಸಿ ಥೈರಾಯ್ಡ್ ನೋಡಿದರು, ಬಿಪಿ ನೋಡಿದರು, ನಿದ್ದೆ ಹೇಗೆ ಅಂತ ಕೆದಕಿ ಕೆದಕಿ ಕೇಳಿದರು. ನಿದ್ದೆಗೆಟ್ಟವರೂ ಹೀಗೆಯೇ ಇರುತ್ತಾರಂತೆ. ಅಲ್ಲೇನೂ ಸಿಗದೆ ಮನೋವೈದ್ಯರ ಹೆಸರು ಬರೆದುಕೊಟ್ಟರು. ಅಲ್ಲಿ ಸರದಿ ಬರಲು ತಿಂಗಳುಗಟ್ಟಲೆ ಕಾದೆ. ತಮಾಷೆ ನೋಡು, ಗಮನ ನಿಲ್ಲದವರನ್ನು ಕೂರಿಸುವ ಆ ಹಜಾರದಲ್ಲಿ ಗಡಿಯಾರ ಒಂದು ಕಡೆ ಟಿಕ್ ಟಿಕ್, ಟಿವಿ ಇನ್ನೊಂದು ಕಡೆ. ನನ್ನ ಹೆಸರು ಕರೆದದ್ದೇ ಕೇಳಿಸಲಿಲ್ಲ. ಇವರು ಮೊಣಕೈಯಿಂದ ತಿವಿದರು.

ಯಾವುದೋ ಯಂತ್ರಕ್ಕೆ ತಲೆ ಕೊಟ್ಟರೆ ಚೀಟಿ ಹೊರಬರುತ್ತದೆ ಅಂದುಕೊಂಡಿದ್ದೆ. ಹಾಗಲ್ಲವೇ ಅಲ್ಲ. ನಿನ್ನ ವಯಸ್ಸಿನ ಡಾಕ್ಟರಮ್ಮ ಎದುರು ಕೂತು ಕೇಳುತ್ತಲೇ ಹೋದರು. ಕೆಲಸದಲ್ಲಿ ಹೇಗೆ, ಒಲೆ ಹಚ್ಚಿಟ್ಟು ಮರೆಯುತ್ತೀರಾ, ಜನ ಮಾತಾಡುವಾಗ ಬಾಯಿ ಹಾಕುತ್ತೀರಾ, ಯಾವತ್ತಾದರೂ ಬದುಕೇ ಬೇಡ ಅನ್ನಿಸಿದೆಯಾ. ಇಲ್ಲ ಅಮ್ಮಾ, ಅದು ಅನ್ನಿಸಿಲ್ಲ, ಹೆದರಬೇಡ. ನನ್ನನ್ನು ಹೊರಗೆ ಕಳಿಸಿ ಇವರನ್ನು ಒಳಗೆ ಕರೆದಾಗ ಮಾತ್ರ ಬಾಗಿಲಿಗೆ ಕಿವಿ ಕೊಟ್ಟು ಕೂತೆ. ಹೆಂಡತಿಯ ಮೇಲೆ ದೂರು ಹೇಳಲು ಕುರ್ಚಿ ಹಾಕಿ ಕೂರಿಸಿದರೆ ಯಾವ ಗಂಡ ಬಿಡುತ್ತಾನೆ? ವಾಪಸಾಗುವಾಗ ಬಸ್ಸಿನಲ್ಲಿ ಕೇಳಿದರೆ, "ನೀನು ಎಷ್ಟು ಒದ್ದಾಡ್ತೀಯ ಅಂತ ಹೇಳಿದೆ" ಅಂದು ಕಿಟಕಿಯ ಕಡೆ ತಿರುಗಿದರು.

ಸಿಕ್ಕಿಬಿದ್ದದ್ದು ಒಂದೇ ಪ್ರಶ್ನೆಗೆ: "ಏಳು ವರ್ಷದವರಿದ್ದಾಗ ನೀವು ಹೇಗಿದ್ರಿ?" ಇದು ದೊಡ್ಡವರಾದ ಮೇಲೆ ಹುಟ್ಟಿಕೊಳ್ಳುವಂಥದ್ದಲ್ಲವಂತೆ, ಹನ್ನೆರಡರೊಳಗೆ ಸುಳಿವು ಇದ್ದೇ ಇರಬೇಕಂತೆ. ನನಗೆ ನೆನಪಿರುವುದೆಲ್ಲ ನೀನು ಬೈದದ್ದು, ಜೊತೆಗೆ ನಾನು ಲೆಕ್ಕ ಮುಗಿಸುವವರೆಗೆ ನೀನು ಪಕ್ಕದಿಂದ ಏಳದೆ ಪೆನ್ಸಿಲಿನಿಂದ ಮೇಜು ತಟ್ಟುತ್ತ ಕೂತದ್ದು. ಊರ ಮಕ್ಕಳಿಗೆಲ್ಲ ಪಾಠ ಹೇಳಿ ದಣಿದು ಬಂದ ಟೀಚರ್ ನೀನು, ಆಮೇಲೂ ಹಾಗೆ ಕೂರುತ್ತಿದ್ದೆ. ಅದನ್ನೇ ಹೇಳಿದೆ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ, ಅಮ್ಮನ ಹತ್ತಿರ ಮಾತಾಡಬೇಕಲ್ಲ ಅಂದರು. ಆತಂಕದಿಂದಲೂ ಹೀಗಾಗಬಹುದು, ಸರಿಯಾಗಿ ಕೇಳದೆ ತೀರ್ಮಾನ ಹೇಳುವುದಿಲ್ಲ ಅಂದರು.

ಎದ್ದು ಬರುವಾಗ, ಇದಲ್ಲ ಅಂತಾದರೆ ನಾನು ಬರೀ ಸೋಮಾರಿ ಅಂತ ಅಲ್ವಾ ಅಂತ ಕೇಳಿಬಿಟ್ಟೆ. ಆಕೆ ನಗಲಿಲ್ಲ. "ಇದಲ್ಲ ಅಂತಾದ್ರೆ ಇನ್ನೇನು ಅಂತ ಹುಡುಕೋಣ. ಸೋಮಾರಿ ಅನ್ನೋ ಕಾಯಿಲೆ ನಮ್ಮ ಪುಸ್ತಕದಲ್ಲಿ ಇಲ್ಲ" ಅಂದರು.

ನಿನ್ನ ಮೇಲೆ ತಪ್ಪು ಹೊರಿಸಲು ಇದೆಲ್ಲ ಮಾಡುತ್ತಿದ್ದೇನೆ ಅಂತ ನಿನಗೆ ಅನ್ನಿಸಿರಬೇಕು. ಇಲ್ಲ ಅಮ್ಮಾ. ಆಗ ಇದರ ಹೆಸರೇ ಯಾರಿಗೂ ಗೊತ್ತಿರಲಿಲ್ಲ, ನಿನಗೆ ಹೇಗೆ ಗೊತ್ತಾಗಬೇಕಿತ್ತು? ಪರೀಕ್ಷೆ ನನ್ನದು. ನಿನ್ನದಲ್ಲ.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು. ನಿನ್ನ ಆಶೀರ್ವಾದ ನನಗೆ ಬೇಕು, ಸಿಟ್ಟು ಬೆರೆತಿದ್ದರೂ ಪರವಾಗಿಲ್ಲ.

ನಿನ್ನ,
ಮರೆಗುಳಿ ಮಗಳು

ವಿ.ಸೂ.: ಗುರುವಾರ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬರುತ್ತದೆ, ಡಾಕ್ಟರಮ್ಮನದು. ದಯವಿಟ್ಟು ಎತ್ತು. ನನ್ನನ್ನು ಹೊಗಳಬೇಡ, ಬಿಟ್ಟುಕೊಡದೆ ಕಾಪಾಡಲೂ ಬೇಡ, ನಡೆದದ್ದು ನಡೆದ ಹಾಗೆ ಹೇಳು. ಶುಕ್ರವಾರ ಪುಟ್ಟಿಯ ಟೀಚರ್ ನನ್ನನ್ನು ಕರೆಸಿದ್ದರು. ಜಾಣೆ, ಆದರೆ ಕೂತಲ್ಲಿ ಕೂರುವುದಿಲ್ಲ, ಹಿಡಿದದ್ದು ಮುಗಿಸುವುದಿಲ್ಲವಂತೆ. ನನ್ನದೇನು ಅಂತ ಈಗ ಗೊತ್ತಾದರೆ, ಅವಳು ನನ್ನಷ್ಟು ವರ್ಷ ಕಾಯಬೇಕಾಗಿಲ್ಲ.