ನೆಲಮಾಳಿಗೆಗೆ ಮೂರನೆಯ ಡಬ್ಬ

ಏಪ್ರಿಲ್ 3, ಗುರುವಾರ. ಮಧ್ಯಾಹ್ನ 3

ಬೆಟ್ಟದಿಂದ ಕಡಲಿಗೆ ನುಗ್ಗುವ ಬುರಾ ಗಾಳಿಗೆ ಇವತ್ತು ಮೂರನೆಯ ದಿನ. ದ್ವೀಪಕ್ಕೆ ಹಡಗು ಬಂದಿಲ್ಲ, ಪೇಪರೂ ಇಲ್ಲ. ಊಟಕ್ಕೆ ಬೇಯಿಸಿದ ಸೊಪ್ಪು, ಎರಡು ಸಾರ್ಡಿನ್ ಮೀನು. ಓಣಿಯೆಲ್ಲ ಮಲಗಿದೆ. ಎರಡರಿಂದ ಐದರವರೆಗೆ ಇಲ್ಲಿ ಯಾರೂ ಕೂಗುವಂತಿಲ್ಲ, ಸುತ್ತಿಗೆ ಎತ್ತುವಂತಿಲ್ಲ. ಈ ಕಟ್ಟಳೆಗೆ ಓಣಿಯಲ್ಲಿ ನನಗಿಂತ ದೊಡ್ಡ ಕಾವಲುಗಾರ ಇರಲಿಲ್ಲ. ಈಗ ನನಗೇ ನಿದ್ದೆ ಬರುವುದಿಲ್ಲ. ಅದಕ್ಕೇ ಬರೆಯುತ್ತ ಕೂರುತ್ತೇನೆ.

ಸೊಸೆ ಲುತ್ಸಿಯ ಊಟಕ್ಕೆ ಕೂತಾಗ ಹೇಳಿದಳು. "ಮಾವ, ಇವತ್ತೂ ಮೀಟಿಂಗ್ ಮಧ್ಯೆ ನೆಟ್ ಹೋಯ್ತು. ಹೀಗೇ ಆದ್ರೆ ಸ್ಪ್ಲಿಟ್ ಸಿಟೀಲಿ ರೂಮ್ ಮಾಡ್ಬೇಕಾಗುತ್ತೆ."

ನನ್ನ ಮಗ ಫ್ರಾನೆ ಹೋದಮೇಲೂ ಈ ಮನೆಯಲ್ಲೇ ಉಳಿದ ಹುಡುಗಿ. ಹೋಗು ಎನ್ನಲು ಬಾಯಿ ಬರುವುದಿಲ್ಲ, ಇರು ಎನ್ನಲು ಮುಖವಿಲ್ಲ. ಸರಿಮಾಡಿಸುತ್ತೇನೆ ಅಂದೆ.

ಏಪ್ರಿಲ್ 5, ಶನಿವಾರ

ಗೆಳೆಯ ಪಿಯೆರೊ ಬಂದಿದ್ದ. ನಲವತ್ತು ವರ್ಷ ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು, ನಾನು ದಡ್ಡ ಎಂದು ತೋರಿಸುವುದೆಂದರೆ ಅವನಿಗೆ ಹಬ್ಬ. ಫೋನ್ ಹಿಡಿದು ಮನೆಯಿಡೀ ಸುತ್ತಿದ. ಅಟ್ಟದಲ್ಲಿ, ಲುತ್ಸಿಯಳ ಕೋಣೆಯಲ್ಲಿ ಒಂದೇ ಗೆರೆ. ಕೆಳಗೆ ಸೊನ್ನೆ.

"ಇದು ಮನೆಯೋ ಕೋಟೆಯೋ? ನಿಮ್ಮಜ್ಜ ತುರ್ಕರು ಬರ್ತಾರೆ ಅಂತ ಕಟ್ಟಿದ್ನಾ?"

"ಎಂಬತ್ತು ಸೆಂಟಿಮೀಟರ್ ಕಲ್ಲು," ಅಂದೆ.

"ಹೆಮ್ಮೆ ಬೇರೆ. ನೋಡು, ರೂಟರ್ ಒಂದೇ ಇದ್ರೆ ಆಗಲ್ಲ. ಸಿಗ್ನಲ್ ಹರಡೋ ಮೂರು ಡಬ್ಬ ತರಿಸು. ಒಂದೊಂದಕ್ಕೂ ವೈರ್ ಎಳೀಬೇಕು. ಅಂದ್ರೆ ಗೋಡೆ ಕೊರೀಬೇಕು. ಇದೇ ಗೋಡೆಗೆ ತಾನೆ ನೀನು ಮಗನ ಕೈಯಿಂದ ಡ್ರಿಲ್ ಕಿತ್ಕೊಂಡಿದ್ದು—"

ಅಲ್ಲಿಗೇ ನಿಲ್ಲಿಸಿದ. ಟೋಪಿ ಹುಡುಕುವ ನೆಪ ಮಾಡಿದ, ಅದು ತಲೆಯ ಮೇಲೇ ಇತ್ತು.

ಏಪ್ರಿಲ್ 6, ಭಾನುವಾರ. 3.30

ಬರೆದೇಬಿಡುತ್ತೇನೆ. ಕಳೆದ ಸೆಪ್ಟೆಂಬರ್ 12. ನೆಲಮಾಳಿಗೆಗೂ ವೈ-ಫೈ ಬೇಕು ಎಂದು ಫ್ರಾನೆ ಡ್ರಿಲ್ ತಂದ. ಕಡಲ ಕಡೆಯ ಬಾಗಿಲಿಂದ ದೋಣಿ ಒಳಗೆಳೆದು ಅಲ್ಲೇ ಇಡೀ ದಿನ ಕೆಲಸ ಅವನಿಗೆ, ಫೋನೂ ಹಿಡಿಯುವುದಿಲ್ಲ, ಮೇಲಿನ ವೈ-ಫೈ ಯಾವಾಗಲೋ ಒಮ್ಮೆ ಸಿಕ್ಕರೆ ಸಿಕ್ಕಿತು. ನಾನು ಬಿಡಲಿಲ್ಲ. ಅಜ್ಜನ ಗೋಡೆಗೆ ತೂತು ಹಾಕ್ತೀಯಾ, ಮಾತಾಡಬೇಕಿದ್ರೆ ಮೆಟ್ಟಿಲು ಹತ್ತಿ ಬಾ ಅಂದೆ. ಡ್ರಿಲ್ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಎರಡು ದಿನ ಮಾತಿಲ್ಲ.

14ರ ಮಧ್ಯಾಹ್ನ ದೋಣಿ ಜ್ಯಾಕಿನಿಂದ ಜಾರಿ ಅವನ ಮೇಲೆ ಬಿತ್ತು. ನಾನು ಮೇಲೆ ಮಲಗಿದ್ದೆ. ದೋಣಿ ಎತ್ತುವುದು ಇಬ್ಬರ ಕೆಲಸ, ಇಲ್ಲಿಯ ಮಕ್ಕಳಿಗೂ ಗೊತ್ತು. ಅವತ್ತು ಸಂಜೆ ಕೆಳಗಿನ ಮೇನ್ ಸ್ವಿಚ್ ಆಫ್ ಮಾಡಿ ಬಾಗಿಲು ಹಾಕಿದವನು ಮತ್ತೆ ಇಳಿದಿಲ್ಲ.

ಮಣ್ಣಾದ ಮಾರನೆಯ ದಿನ ಲುತ್ಸಿಯ ಒಂದೇ ಸಲ ಕೇಳಿದಳು. "ಅವನು ನಿಮ್ಮನ್ನ ಕರೀದೇ ಇರೋನಲ್ಲ, ಮಾವ."

"ಕರೀಲಿಲ್ಲಮ್ಮ. ಫೋನ್ ದಿಂಬಿನ ಪಕ್ಕದಲ್ಲೇ ಇತ್ತು. ಸಿಟ್ಟಿನಲ್ಲಿ ಒಬ್ಬನೇ ಕೈ ಹಾಕಿದ."

ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ. ನಾನಂತೂ ಏಳು ತಿಂಗಳಿಂದ ಈ ಒಂದು ಮಾತು ಹಿಡಿದುಕೊಂಡೇ ಬದುಕಿದ್ದೇನೆ. ಕರೆಯಲಿಲ್ಲ. ಕರೆದಿದ್ದರೆ ಹೋಗುತ್ತಿದ್ದೆ. ಜಗಳ ಇದ್ದರೂ ಹೋಗುತ್ತಿದ್ದೆ.

ಏಪ್ರಿಲ್ 15, ಮಂಗಳವಾರ

ಡಬ್ಬಗಳು ಬಂದವು, ಬಿಳೀ ತಟ್ಟೆಯಂಥವು. ಪೆಟ್ಟಿಗೆಯ ಬೀಗ ತೆಗೆದು ಫ್ರಾನೆಯ ಡ್ರಿಲ್ಲನ್ನೇ ಎತ್ತಿಕೊಂಡೆ. ಮೂರು ಗೋಡೆ, ಮೂರು ತೂತು. ಕೊರೆಯಲು ಒಂದೊಂದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಗೋಡೆ ಬೀಳಲಿಲ್ಲ, ಅಜ್ಜನೂ ಎದ್ದು ಬರಲಿಲ್ಲ.

"ಮೂರಕ್ಕೂ ಹಳೇ ಹೆಸರು, ಹಳೇ ಪಾಸ್‌ವರ್ಡೇ ಇರ್ಲಿ," ಅಂದ ಪಿಯೆರೊ. "ಆಗ ಮನೇಲಿರೋ ಫೋನು ಗೀನು ಎಲ್ಲಾ ತಾನಾಗೇ ಸೇರ್ಕೊಳ್ಳುತ್ತೆ." ಹಳೇ ಹೆಸರು 'ಗಲೆಬ್'. ಫ್ರಾನೆ ಇಟ್ಟದ್ದು, ಅವನ ದೋಣಿಯ ಹೆಸರು. ಇರಲಿ ಅಂದೆ.

ಅಟ್ಟದ್ದು, ನಡುಮಹಡಿಯದ್ದು ಹಾಕಿ ಆಯಿತು. ಲುತ್ಸಿಯ ಲ್ಯಾಪ್‌ಟಾಪ್ ಹಿಡಿದು ಕೋಣೆ ಕೋಣೆ ಓಡಾಡಿದಳು. "ಎಲ್ಲೂ ಕಟ್ ಆಗ್ಲಿಲ್ಲ, ಮಾವ." ನಕ್ಕಳು. ಸ್ವಲ್ಪವೇ, ಆದರೂ ನಕ್ಕಳು. ಮೂರನೆಯದು ಎಲ್ಲಿಗೆ ಎಂದು ಕೇಳಿದಳು. ಕೆಳಗೆ ಅಂದೆ. ಅವನು ಕೇಳಿದ್ದು, ಈಗಲಾದರೂ ಆಗಲಿ. ಅವಳು ತಲೆಯಾಡಿಸಿ ಒಳಗೆ ಹೋದಳು.

ಏಪ್ರಿಲ್ 17, ಗುರುವಾರ. 3.40

ನೆಲಮಾಳಿಗೆಯಲ್ಲೇ ಕೂತು ಬರೆಯುತ್ತಿದ್ದೇನೆ. 

ಎರಡಕ್ಕೆ ಮೇನ್ ಸ್ವಿಚ್ ಹಾಕಿ ಇಳಿದೆ. ಬಣ್ಣದ ವಾಸನೆ ಇನ್ನೂ ಇತ್ತು. ಬಾಗಿಲ ಮೇಲಿನ ಮೊಳೆಗೆ ಡಬ್ಬ ಸಿಕ್ಕಿಸಿದೆ. ಹಸಿರು ದೀಪ ಬಂತು. ಗೂಡಿನಲ್ಲಿ ಫ್ರಾನೆಯ ಹಳೇ ಟ್ಯಾಬ್, ಚಾರ್ಜರಿಗೆ ಹಾಕಿದ್ದು ಹಾಗೇ ಇದೆ. ಹಾಡು ಕೇಳುತ್ತಿದ್ದ, ಮೆಸೇಜ್ ಬರೆಯುತ್ತಿದ್ದ ಅದರಲ್ಲಿ. ಸಿಗ್ನಲ್ ನೋಡೋಣ ಎಂದು ಗುಂಡಿ ಒತ್ತಿದೆ. 'ಗಲೆಬ್'ಗೆ ತಾನಾಗಿ ಸೇರಿತು. ಮೂರು ಗೆರೆ.

ನನ್ನ ಜೇಬಿನಲ್ಲಿ ಫೋನ್ ಅಲುಗಿತು. ಎರಡು ಸಲ.

ಫ್ರಾನೆ.

ಟ್ಯಾಬ್ ತೆರೆದು ನೋಡಿದೆ. ಅವತ್ತು ಹೋಗದೆ ಉಳಿದ ಎರಡು ಮೆಸೇಜು, ನೆಟ್ ಸಿಕ್ಕಿದ್ದೇ ಈಗ ಹೊರಟಿವೆ. ಬರೆದ ದಿನ, ಹೊತ್ತು, ಎಲ್ಲ ಅದರಲ್ಲಿದೆ. ಸೆಪ್ಟೆಂಬರ್ 14.

3.10 — ಅಪ್ಪ, ಎಲ್ಲರೂ ಮಲಗಿದಾರೆ, ಕೂಗಿದ್ರೆ ನೀನೇ ಬೈತೀಯ. ಜ್ಯಾಕ್ ಯಾಕೋ ಜಾರ್ತಿದೆ. ಒಂದ್ ಕೈ ಹಿಡಿ ಬಾ.

3.35 — ಸಿಟ್ಟು ಇನ್ನೂ ಇಳಿದಿಲ್ವಾ? ಇರ್ಲಿ ಬಿಡು. ನಾನೇ ನೋಡ್ಕೋತೀನಿ.

ಕರೆದಿದ್ದ. ಇಪ್ಪತ್ತೈದು ನಿಮಿಷ ಕಾದಿದ್ದ. ಗೋಡೆ ದಾಟಲಿಲ್ಲ. ನಾನು ಓದಿಯೂ ಬರಲಿಲ್ಲ ಅಂದುಕೊಂಡೇ ಹೋದ. ಅಯ್ಯೋ ಮಗನೇ, ಯಾಕೆ ಕೂಗಲಿಲ್ಲವೋ. ಇಡೀ ಓಣಿ ಎದ್ದರೆ ಏಳಲಿ, ಒಂದು ಸಲ ಕೂಗಬಾರದಿತ್ತೇ.

4.05

ಲುತ್ಸಿಯ ಮೆಟ್ಟಿಲಿನ ಮೇಲಿಂದ ಕೇಳುತ್ತಿದ್ದಾಳೆ, ಮೆಲ್ಲಗೆ, ಮಲಗಿದವರಿಗೆ ಎಚ್ಚರವಾಗದ ಹಾಗೆ. "ಮಾವ, ಕೆಳಗೆ ಸಿಗ್ನಲ್ ಬಂತಾ?"

ಅಳಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅವಳು ಮನೆ ಬಿಟ್ಟು ಹೋಗುವುದೂ ಇಲ್ಲ. ಬೆರಳು ಅಲ್ಲೇ ಇದೆ.

ಇಲ್ಲ. ಇದು ಅವನು ಕೊನೆಗೆ ಬರೆದದ್ದು. ಅವಳಿಗೂ ಸೇರಬೇಕು.

ಇಳಿಯುತ್ತಿದ್ದಾಳೆ. ಬಂತಮ್ಮ ಅಂದೆ. ದನಿ ಅವಳಿಗೆ ಕೇಳಿಸಿತೋ ಇಲ್ಲವೋ. ಇನ್ನು ನಾಲ್ಕು ಮೆಟ್ಟಿಲು. ಟ್ಯಾಬ್ ಅವಳ ಕೈಗೆ ಕೊಟ್ಟು, ನಾನು ಹೇಳಿದ್ದು ತಪ್ಪು, ಅವನು ನನ್ನನ್ನು ಕರೆದಿದ್ದ ಅನ್ನಬೇಕು.