ಪೊಟ್ಟಣದ ಮೇಲಿನ ಹೆಸರು

ಮಗಳ ಕಾಯಿಲೆಯನ್ನು ತನ್ನ ಹೆಸರಿಗೆ ಬರೆಸಿಕೊಂಡ ಪಾಕ್ ಮಾಲ್ಸುನ್ ಎಂಬ ಹಟಮಾರಿಗೆ, ಅಂದರೆ ನನ್ನ ಅಮ್ಮನಿಗೆ,

ಇದನ್ನು ಓದಿ ಮುಗಿಸುವವರೆಗೆ ಫೋನ್ ಮಾಡಬೇಡ. ಫೋನಿನಲ್ಲಿ ಯಾವಾಗಲೂ ನೀನೇ ಗೆಲ್ಲುತ್ತೀ.

ಮೂರು ವರ್ಷದ ಹಿಂದೆ ನಾನು ಹಾಸಿಗೆಯಿಂದ ಏಳಲಾರದೆ ಹೋದಾಗ, ಮನೋವೈದ್ಯರ ಬಳಿ ಹೋಗುತ್ತೇನೆ ಎಂದದ್ದಕ್ಕೆ ನೀನು ಬಾಗಿಲಿಗೆ ಅಡ್ಡ ನಿಂತೆ. "ದಾಖಲೆಯಲ್ಲಿ ಒಂದ್ಸಲ ಬಿತ್ತು ಅಂದ್ರೆ ಮುಗೀತು ಕಣೇ. ಕೆಲಸಾನೂ ಸಿಗಲ್ಲ, ಗಂಡೂ ಸಿಗಲ್ಲ. ನನ್ನ ಹೆಸರಲ್ಲಿ ತರ್ತೀನಿ ಬಿಡು. ನನ್ನನ್ನ ಇನ್ಯಾರು ಕಟ್ಕೋಬೇಕು?" ಅಂದಿನಿಂದ ನೀನು ನಿನ್ನೂರು ಗುನ್ಸಾನ್‌ನ ಡಾಕ್ಟರ ಮುಂದೆ ಕೂತು ನನ್ನ ದುಃಖವನ್ನು ನಿನ್ನದೆಂದು ಹೇಳುತ್ತಾ ಬಂದೆ. ಪ್ರತಿ ತಿಂಗಳು ಅಲ್ಲಿಗೆ ಹೋಗುವ ಮುನ್ನಾದಿನ ನಿನ್ನ ಫೋನು: "ಏ ಹ್ಯೆರಿನ್, ಈ ತಿಂಗಳು ನನಗೆ ನಿದ್ದೆ ಹೆಂಗಿತ್ತು, ಬೇಗ ಹೇಳು, ಒಲೆ ಮೇಲೆ ಸಾರಿದೆ." ಆಮೇಲೆ ನಿನ್ನ ಹೆಸರು ಅಚ್ಚಾದ, ದಿನಕ್ಕೊಂದರಂತೆ ಮಾತ್ರೆಯ ಪುಟ್ಟ ಪೊಟ್ಟಣಗಳು ನೀನು ಹಾಕಿದ ಕಿಮ್ಚಿ ಉಪ್ಪಿನಕಾಯಿಯ ಡಬ್ಬಿಯ ಜೊತೆ ನಾನಿರುವ ದೇಜಾನ್‌ಗೆ ಬರುತ್ತಿದ್ದವು.

ತಮಾಷೆ ನೋಡು, ಲ್ಯಾಬಿನಲ್ಲಿ ನನ್ನ ಕೆಲಸವೂ ಅದೇ ಔಷಧಿಯದ್ದು. ಇಲಿಯ ಮಿದುಳನ್ನು ಅರೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ನರಕೋಶಗಳ ಹೊರಪೊರೆಯನ್ನು ಬೇರ್ಪಡಿಸುತ್ತೇನೆ. ಔಷಧಿ ಬೆರೆಸಿ, ತೊಳೆದು, ಎಷ್ಟು ಅಂಟಿಕೊಂಡು ಉಳಿಯಿತೆಂದು ಅಳೆಯುತ್ತೇನೆ. ಒಂದಿಷ್ಟು ಪೊರೆಯಲ್ಲಿ ನೆಟ್ಟಿರುವ ಪ್ರೋಟೀನಿನೊಳಗೆ ಹೋಗಿ ಕೂರುತ್ತದೆ. ನರಕೋಶ ಹೊರಬಿಟ್ಟ, ಮನಸ್ಸನ್ನು ಹದವಾಗಿಡುವ ಸೆರೊಟೋನಿನ್ ಎಂಬ ರಾಸಾಯನಿಕ ಕೂಡಲೇ ಒಳಕ್ಕೆ ವಾಪಸಾಗದಂತೆ ತಡೆಯುತ್ತದೆ. ಇನ್ನೊಂದಿಷ್ಟು ಪೊರೆಯ ಕೊಬ್ಬಿಗೇ ಇಳಿದು ನಿಧಾನವಾಗಿ ಸೇರಿಕೊಳ್ಳುತ್ತದೆ. "ಮನಸ್ಸು ಗಟ್ಟಿ ಮಾಡ್ಕೋ" ಎನ್ನುತ್ತೀಯಲ್ಲ, ಆ ಗಟ್ಟಿತನ ಅಂಟಿಕೊಳ್ಳುವ ಜಾಗವನ್ನು ನಾನಿನ್ನೂ ಕಂಡಿಲ್ಲ. ಇದು ಮೈಯ ಕಾಯಿಲೆ, ಅಮ್ಮ. ನನಗೆ ನಾಚಿಕೆಯಿಲ್ಲ, ಕೇಳಿಸಿತೇ?

ಈ ತಿಂಗಳು ಪ್ರತಿ ಪೊಟ್ಟಣದಲ್ಲೂ ಒಂದರ ಬದಲು ಎರಡು ಮಾತ್ರೆ ಇದ್ದವು. ನಾನು ಚೆನ್ನಾಗಿದ್ದೇನೆ ಎಂದೇ ನಿನಗೆ ಹೇಳಿದ್ದೆ. ಎರಡನೆಯದನ್ನು ಮುಟ್ಟದೆ, ಮಂಗಳವಾರ ನಿನಗೆ ತಿಳಿಸದೆ ಗುನ್ಸಾನ್‌ಗೆ ಬಂದು ಡಾಕ್ಟರ ಮುಂದೆ ಎಲ್ಲ ಒಪ್ಪಿಕೊಂಡೆ. ಚೆನ್ನಾಗಿ ಬೈದರು. ಬೈಯಲಿ, ತಪ್ಪು ನಮ್ಮದೇ. ಆಮೇಲೆ ಕಡತ ನೋಡಿ ಕೇಳಿದರು: "ಹಾಗಾದ್ರೆ ಬಾಗಿಲ ಹತ್ರ ಗಂಡನ ಬೂಟು ನೋಡಿದ್ರೆ ಉಸಿರು ಕಟ್ಟುತ್ತೆ, ಅನ್ನ ಇಳಿಯಲ್ಲ ಅಂತ ಬರೆದಿದೆಯಲ್ಲ, ಅದೂ ನಿಮ್ಮದೇನಾ?"

ನನಗೆ ಗಂಡನಿಲ್ಲ, ಅಮ್ಮ. ಅಪ್ಪ ತೀರಿಹೋಗಿ ಎಂಟು ತಿಂಗಳು. ಇಷ್ಟು ದಿನ ನನ್ನ ಮಾತನ್ನು ಒಪ್ಪಿಸುತ್ತಿದ್ದ ನೀನು ಬಾಯಿತಪ್ಪಿ ನಿನ್ನದನ್ನೇ ಹೇಳಿಬಿಟ್ಟಿದ್ದೆ. ಆ ಎರಡನೇ ಮಾತ್ರೆ ಬಂದದ್ದು ಅದಕ್ಕೇ. ನನಗೆ ಒಂದು ಮಾತೂ ಹೇಳಲಿಲ್ಲ. ಸಿಟ್ಟು ಬಂತು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಅಳುವುದಕ್ಕೆ ಮೊದಲೇ ನನ್ನ ಗುರುತಿನ ಚೀಟಿ ಕೊಟ್ಟು ದಾಖಲೆಯಲ್ಲಿ ನನ್ನ ಹೆಸರನ್ನು ಬರೆಸಿಯಾಗಿತ್ತು. ಕೆಲಸ ಕೊಡದವರು ಕೊಡದಿರಲಿ, ಮದುವೆಯಾಗದವರು ಆಗದಿರಲಿ. ಮುಂದಿನ ಗುರುವಾರ ಹತ್ತು ಗಂಟೆಗೆ ನಿನ್ನನ್ನೂ ನೋಡುತ್ತಾರೆ. ಈ ಸಲ ರೋಗಿ ನೀನೇ. ಬರಲ್ಲ ಎಂದರೆ ಹೊತ್ತುಕೊಂಡು ಹೋಗುತ್ತೇನೆ.

ಅಪ್ಪನ ಬೂಟನ್ನು ಎತ್ತಿಡಬೇಡ. ಬುಧವಾರ ಸಂಜೆ ಬಂದು, ಅದರ ಪಕ್ಕದಲ್ಲೇ ನನ್ನದನ್ನು ಬಿಟ್ಟು ಒಳಗೆ ಬರುತ್ತೇನೆ.

ನೂರು ವರ್ಷ ನನ್ನೊಡನೆ ಜಗಳವಾಡುತ್ತಾ ಚೆನ್ನಾಗಿರು.

ನಿನ್ನ ಮಗಳು,
ಹ್ಯೆರಿನ್